ಅತ್ತಿ ಬಿಟ್ಟ ತುತ್ತು

ನಮ್ಮ ಅತ್ತಿ ಉಂಡು ಎದ್ದ ಗಂಗಾಳವನ್ನು ತೊಳೆಯುವ ಭಾಗ್ಯ ನನಗೆ ಬಹಳ ವರ್ಷ ಸಿಗಲಿಲ್ಲ. ತೊಳೆಯಲು ಅದರಲ್ಲಿ ಏನಾದರೂ ಇರಬೇಕಲ್ಲ! ಕೊನೆಯ ಅಗುಳು ಬಾಯಿಗೆ ಹೋದ ಮೇಲೆ ಗಂಗಾಳಕ್ಕೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಅಂಚಿನ ಸುತ್ತ ತಿರುವಿ, ಸಾರಿನ ಎಣ್ಣೆ, ಚಟ್ನಿಪುಡಿಯ ಕಣ ಎಲ್ಲ ಆ ನೀರಿಗೆ ಇಳಿದವು ಅಂತ ಖಾತ್ರಿ ಆದ ಮೇಲೆ ಅದನ್ನು ಗಟಗಟ ಕುಡಿದುಬಿಡುತ್ತಿದ್ದರು. ನಮ್ಮ ಕಡೆ ಲಿಂಗವಂತರ ಮನೆಗಳ ಹಿರಿಯರು ಬಹಳ ಮಂದಿ ಹೀಗೇ. ಗಂಗಾಳಕ್ಕೆ ಬಿದ್ದದ್ದು ಬರೀ ಅನ್ನವಲ್ಲ, ಪ್ರಸಾದ. ಪ್ರಸಾದ ಚೆಲ್ಲಬಾರದು. ನಾನು ಹಡಗಲಿಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅತ್ತಿ ಉಂಡ ಗಂಗಾಳವನ್ನು ಯಾರೋ ತೊಳೆದಿಟ್ಟಿದ್ದಾರೆ ಅಂದುಕೊಂಡು ಹಂಗೇ ಎತ್ತಿ ಗೂಡಿನಲ್ಲಿಟ್ಟಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಗಂಗಾಳಕ್ಕೂ ಗೊತ್ತಾಗಿರಲಿಕ್ಕಿಲ್ಲ.

ತಮ್ಮ ಗಂಗಾಳದ ಪ್ರಸಾದವಷ್ಟೇ ಆಗಿದ್ದರೆ ಅತ್ತಿಯ ಮೈ ಅಷ್ಟು ಬೆಳೆಯುತ್ತಿರಲಿಲ್ಲ. ಮಕ್ಕಳು ಕಚ್ಚಿ ಬಿಟ್ಟ ರೊಟ್ಟಿ, ಮಾವ ಬ್ಯಾಡ ಅಂತ ಸರಿಸಿದ ಪಲ್ಯ, ಬೋಗುಣಿಯ ತಳಕ್ಕೆ ಹತ್ತಿದ ಅನ್ನ, ಬೀಗರು ಬಂದು ಹೋದ ಮೇಲೆ ಉಳಿದ ಹೋಳಿಗೆ, ಎಲ್ಲದಕ್ಕೂ ವಾರಸುದಾರರು ಅತ್ತಿ ಒಬ್ಬರೇ. ಅದು ಆಸೆಬುರುಕತನ ಅಲ್ಲವೇ ಅಲ್ಲ. ಹಸಿವಿಲ್ಲದೆ, ರುಚಿಯನ್ನೂ ನೋಡದೆ, ಅಂಗಳದ ಕಸ ಗುಡಿಸುವಷ್ಟೇ ನಿಷ್ಠೆಯಿಂದ ಉಣ್ಣುತ್ತಿದ್ದರು. ಒಂದು ಸಲ ನಾನು ಉಳಿದ ಸಾರನ್ನ ಒಯ್ದು ಹಿತ್ತಲಿನ ಎಮ್ಮೆಯ ಮುಸುರಿ ಬಾನಿಗೆ ಸುರಿದುಬಿಟ್ಟೆ.

"ಏನು ಹಾಕಿದಿ ಅದರಾಗ?"

"ಅನ್ನ ಉಳಿದಿತ್ರಿ ಅತ್ತಿ."

"ಎಮ್ಮಿಗೆ ಹೊಟ್ಟು ಐತಿ, ಹಿಂಡಿ ಐತಿ. ಬೆಳದಾಂವ ಎಮ್ಮಿ ಸಲುವಾಗಿ ಬೆಳದಾನೇನು ನೆಲ್ಲು? ನಿಮ್ಮ ಹಡಗಲ್ಯಾಗ ಎಮ್ಮಿ ಪಂಕ್ತಿಗೆ ಕುಂದ್ರತಾವೇನು?"

ಅಲ್ಲಿಗೆ ಆ ಬಾನಿಗೂ ಅನ್ನಕ್ಕೂ ಇದ್ದ ಸಂಬಂಧ ಮುರಿಯಿತು.

ಹೀಗೆ ಕೂಡಿಸುತ್ತ ಕೂಡಿಸುತ್ತ ಅತ್ತಿಗೆ ಐವತ್ತು ಆಗುವ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಹೋದವು. ಆದರೆ ಅವರಿಗೆ ಸಕ್ಕರೆ ಬಂದದ್ದರ ದುಃಖ ಅಷ್ಟು ಇರಲಿಲ್ಲ. ದುಃಖ ಇದ್ದದ್ದು ಮಣೆಯದು. ಮದುವೆಯಲ್ಲಿ ತವರಿನವರು ಕೊಟ್ಟ ಹಲಸಿನ ಮಣೆ. ಅದರ ಮೇಲೆ ಕೂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವ ಹೆಂಗಸು. ಈಗ ಕೂತರೆ ಏಳಲಿಕ್ಕೆ ಆಗುತ್ತಿರಲಿಲ್ಲ. ಒಂದು ದಿನ ನಾನೂ ಮಾವನೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಎಬ್ಬಿಸಿದ ಮೇಲೆ, ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ದೇವರ ಮನೆಗೆ ಬಂತು.

"ನೋಡು ಹುಡುಗಿ," ಅನ್ನುತ್ತಿದ್ದರು, "ದೇವರ ಮುಂದ ತಹಶೀಲ್ದಾರ ಕುಂತಂಗ ಕುಂದ್ರತೀನಿ. ಅರ್ಜಿ ಅವನು ಕೊಡಬೇಕೋ ನಾ ಕೊಡಬೇಕೋ ತಿಳೀವಲ್ದು."

ನಗಿಸಲಿಕ್ಕೆ ಆಡಿದ ಮಾತೇ. ಆದರೆ ಆ ಕುರ್ಚಿಯಲ್ಲಿ ಕೂಡುವಾಗ ಅವರ ಮುಖ ನೋಡಿದವಳು ನಾನು.

ಬೆಂಗಳೂರಿನಲ್ಲಿದ್ದ ಮಾವನ ತಮ್ಮ ಹೊಟ್ಟೆ ಸಣ್ಣ ಮಾಡುವ ಆಪರೇಷನ್ನಿನ ಸುದ್ದಿ ತಂದದ್ದು ಆಗಲೇ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನಮ್ಮ ಕಡೆ ಯಾರೂ ಅಂಥದ್ದನ್ನು ಕೇಳಿರಲಿಲ್ಲ. ಅತ್ತಿ ಒಂದೇ ಪ್ರಶ್ನೆ ಕೇಳಿದರು: "ಮಣಿ ಮ್ಯಾಲೆ ಕುಂದ್ರಾಕ ಬರ್ತೈತೇನು?" ಬರ್ತೈತಿ ಅಂದರು. ಹೊರಟೇಬಿಟ್ಟರು. ಮಾವ ಜೊತೆಗೆ, ನಾನು ಸೇವೆಗೆ.

ಅಲ್ಲಿಯ ಡಾಕ್ಟರು ಬಹಳ ಸಮಾಧಾನದ ಮನುಷ್ಯ. ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ಚೀಲವನ್ನು ಉದ್ದಕ್ಕೆ ಕತ್ತರಿಸಿ ಒಂದು ಬಾಳೆಕಾಯಿಯಷ್ಟು ಮಾಡುತ್ತೇವೆ, ಆಮೇಲೆ ಸ್ವಲ್ಪ ತಿಂದರೂ ತುಂಬುತ್ತದೆ ಅಂದರು. ಅತ್ತಿ ಚಿತ್ರವನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಉಳದದ್ದು ಏನ್ ಮಾಡ್ತೀರಿ?"

"ತೆಗೆದುಬಿಡ್ತೀವಿ ಅಮ್ಮ."

"ತಗದು? ಚೆಲ್ಲಿಬಿಡ್ತೀರೇನು?"

ಡಾಕ್ಟರು ಮಾವನ ಮುಖ ನೋಡಿದರು. ಮಾವ ಕಿಟಕಿ ನೋಡಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ವಾಪಸು ಬರಲು ಊರಿನಿಂದಲೇ ಬಾಡಿಗೆ ಕಾರು ತರಿಸಿದ್ದೆವು. ಕೂಡ್ಲಿಗಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅತ್ತಿಗೆ ಚಿಂತೆ ಹತ್ತಿತು. ಇನ್ನೇನು ಊರು ಬಂತು. ಓಣಿಯವರಿಗೆ ಏನು ಹೇಳುವುದು?

"ಹೊಟ್ಟಿ ಕೊಯ್ಸಿಕೊಂಡು ಬಂದ್ಲು ಅಂದ್ರ ನಗ್ತಾರ. ಬಾಯಿ ಕಟ್ಟಾಕ ಆಗದಾಕಿ ಹೊಟ್ಟಿ ಕಟ್ಟಿಸಿಕೊಂಡು ಬಂದ್ಲು ಅಂತಾರ."

"ಮತ್ತೇನು ಹೇಳೋಣು?" ಅಂದರು ಮಾವ.

"ಹರಕಿ ಹೊತ್ತೀನಿ ಅಂತ ಹೇಳ್ತೀನಿ. ಹೊತ್ತಿಗೆ ಒಂದ ಹಿಡಿ ಪ್ರಸಾದ, ಅದಕ್ಕಿಂತ ಹೆಚ್ಚಿಗಿ ಮುಟ್ಟಂಗಿಲ್ಲ ಅಂತ."

"ಯಾವ ದೇವರಿಗೆ?"

ಅದನ್ನು ಅತ್ತಿ ಯೋಚಿಸಿರಲಿಲ್ಲ. ಮಾವನೇ ಚಹಾ ಊದುತ್ತ, "ಉಚ್ಚಂಗೆಮ್ಮಗ ಅನ್ನು. ಆಕಿ ಗುಡ್ಡದ ಮ್ಯಾಲೆ ಅದಾಳ. ಯಾರೂ ಹತ್ತಿ ಹೋಗಿ ಕೇಳಂಗಿಲ್ಲ" ಅಂದರು. ಮೂವರೂ ನಕ್ಕೆವು. ಅತ್ತಿ ಹೊಲಿಗೆ ಹಿಡಿದುಕೊಂಡು ನಕ್ಕರು. ಕಾರು ಹೊಡೆಯುತ್ತಿದ್ದ ಹುಡುಗನೂ ಬಾನೆಟ್ಟಿಗೆ ಒರಗಿಕೊಂಡು ಚಹಾ ಕುಡಿಯುತ್ತಿದ್ದ. ಅವನೂ ಒಂಚೂರು ನಕ್ಕಂತಾಯಿತು. ಅವನನ್ನು ನಾವ್ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಲ್ಲಿಂದ ಮುಂದೆ ವರ್ಷದೊಳಗೆ ಅತ್ತಿ ಕರಗಿದ್ದು ನೋಡುವಂತಿತ್ತು. ಕುಪ್ಪಸಗಳ ಹೊಲಿಗೆ ಬಿಗಿ ಮಾಡಿಸಿ ಮಾಡಿಸಿ ಕೊನೆಗೆ ಹೊಸವೇ ಹೊಲಿಸಬೇಕಾಯಿತು. ಸಕ್ಕರೆಯ ಮಾತ್ರೆ ನಿಂತವು. ಒಂದು ಮುಂಜಾನೆ ನಾನು ದೇವರ ಮನೆಗೆ ಹೂ ಒಯ್ದರೆ ಅತ್ತಿ ಹಲಸಿನ ಮಣೆಯ ಮೇಲೆ ಕೂತಿದ್ದಾರೆ, ಚಕ್ಕಳಮಕ್ಕಳ ಹಾಕಿಕೊಂಡು, ಮದುಮಗಳ ಹಾಗೆ! ಪೂಜೆ ಮುಗಿಸಿ ತಾವೇ ಎದ್ದು, "ಆ ತಹಶೀಲ್ದಾರನ ಕುರ್ಚಿ ಅಟ್ಟದ ಮ್ಯಾಲೆ ಒಗಿ" ಅಂದರು. ನನ್ನ ಗಂಡ ಅಂಗಡಿಯಿಂದ ಬಂದು ಅದನ್ನು ಅಟ್ಟಕ್ಕೆ ಹಾಕಿದರು.

ಓಣಿಯವರು ಬೆರಗಾದರು. ಹಿಂಗಾದರೂ ಹರಕೆ ಇರ್ತೈತಾ ಅಂದರು. ಮೊದಲು ಬಂದದ್ದು ಎದುರುಮನೆಯ ದೊಡ್ಡವ್ವ. ಅತ್ತಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಬಾಯಿ ಅದಕ್ಕಿಂತಲೂ ದೊಡ್ಡದು. ಬಂದವಳೇ ಅತ್ತಿಯ ಕಾಲಿಗೆ ಕೈ ಹಚ್ಚಿದಳು.

"ಅಯ್ಯ, ಏನಿದು ಅಕ್ಕಾ, ನೀವು ದೊಡ್ಡಾಕಿ!"

"ವಯಸ್ಸಿಗೇನು ತಂಗಿ, ನಿನ್ನಂಥ ನೇಮ ಯಾರ ಕೈಲಿ ಆಗ್ತೈತಿ? ಇಕಾ, ಸಜ್ಜಕ ಮಾಡಿದ್ದೆ. ನೀ ಒಂಚೂರು ಮುಟ್ಟಿ ಕೊಡು. ನಮಗ ಪ್ರಸಾದ ಆಗ್ಲಿ."

ಮುಟ್ಟಿ ಕೊಡು ಅಂದರೆ ತಾವು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ತಿರುಗಿ ಕೊಡಬೇಕು. ಅತ್ತಿ ಬಾಯಿಗೆ ಹಾಕಿಕೊಂಡರು. ದೊಡ್ಡವ್ವ ಬಟ್ಟಲು ತಗೊಂಡು ಹೋಗುತ್ತಾಳೆ ಅಂದುಕೊಂಡರೆ, "ನಮಗ ಇಷ್ಟು ಸಾಕು" ಅಂತ ಸೆರಗಿಗೆ ಒಂದು ಉಂಡೆ ಕಟ್ಟಿಕೊಂಡು ಬಟ್ಟಲನ್ನು ಅಲ್ಲೇ ಬಿಟ್ಟು ಹೋದಳು. ಮರುದಿನ ಮೂಲೆಮನೆಯವರು ಹೋಳಿಗೆ ತಂದರು. ಅದರ ಮರುದಿನ ಇನ್ನೊಬ್ಬರು ಗೋಧಿ ಬೆಲ್ಲದ ಮಾದಲಿ, ಮೇಲೆ ತುಪ್ಪ ಹಾಕಿ. ಮುಟ್ಟಿ ಕೊಡ್ರಿ, ಮುಟ್ಟಿ ಕೊಡ್ರಿ! ಬಟ್ಟಲುಗಳು ಬಂದವು. ಉಳಿದದ್ದನ್ನು ಚೆಲ್ಲುವ ಹಾಗಿಲ್ಲ, ಪ್ರಸಾದ.

ಅತ್ತಿಯ ನ್ಯಾಯ ಕೇಳಿ. "ಊಟ ಒಂದ ಹಿಡಿ. ಅದಕ್ಕ ನಾ ತಪ್ಪಿಲ್ಲ. ಇದು ಊಟಲ್ಲ."

ರೊಟ್ಟಿಯಾದರೆ ಆ ಬಾಳೆಕಾಯಿ ಹೊಟ್ಟೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಸಜ್ಜಕ, ತುಪ್ಪ, ಮಾದಲಿ ನುಣ್ಣಗೆ ಜಾರಿ ಇಳಿದು ಮತ್ತೊಂದಕ್ಕೆ ಜಾಗ ಬಿಡುತ್ತಿದ್ದವು. ಡಾಕ್ಟರು ಕತ್ತರಿಸಿದ್ದು ಚೀಲವನ್ನು ಮಾತ್ರ. ಚೆಲ್ಲಬಾರದು ಅನ್ನುವುದನ್ನು ಕತ್ತರಿಸಿರಲಿಲ್ಲವಲ್ಲ.

ಮೊದಲು ಗೊತ್ತಾದದ್ದು ಕುಪ್ಪಸಗಳಿಗೆ. ಆಮೇಲೆ ಗೋಡೆಗೆ. ಮಣೆಯಿಂದ ಏಳುವಾಗ ಅತ್ತಿ ಗೋಡೆಗೆ ಕೈ ಊರುತ್ತಿದ್ದರು. ಅಲ್ಲೊಂದು ಎಣ್ಣೆಗೈ ಗುರುತು ಮೂಡಿ ದಿನದಿಂದ ದಿನಕ್ಕೆ ಕಪ್ಪಾಗುತ್ತ ಹೋಯಿತು. ನಾನು ನೋಡಿದೆ, ಆಡಲಿಲ್ಲ. ಕಡೆಗೊಂದು ದಿನ ಅವರೇ, ಬೇರೆ ಕಡೆ ಮುಖ ಮಾಡಿಕೊಂಡು, "ಆ ಕುರ್ಚಿ ಅಟ್ಟದ ಮ್ಯಾಲೆ ಗಟ್ಟಿ ಐತೇನು, ಇಲಿ ಕಡದಾವೇನು ನೋಡು" ಅಂದರು.

ಇಲಿ ಪ್ಲಾಸ್ಟಿಕ್ ಕುರ್ಚಿ ಕಡಿದದ್ದನ್ನು ನಾನು ಕೇಳಿರಲಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ ಅಂತ ತಿಳಿಯದಷ್ಟು ದಡ್ಡಿ ನಾನಲ್ಲ. ಬೆಂಗಳೂರಿಗೆ ಹೋದೆವು. ಡಾಕ್ಟರು ತೂಕದ ಮೇಲೆ ನಿಲ್ಲಿಸಿ, ಸಕ್ಕರೆ ನೋಡಿ, ಮೊದಲ ಸಲ ಮುಖ ಗಂಟು ಹಾಕಿದರು. ಹೀಗೇ ಏರಿದರೆ ಸಕ್ಕರೆಯೂ ಹಿಂದೇ ಬರುತ್ತದೆ, ಎರಡನೇ ಸಲ ಕತ್ತರಿಸುವುದು ಹುಡುಗಾಟವಲ್ಲ, ನಾನಂತೂ ಸುಲಭಕ್ಕೆ ಒಪ್ಪುವುದಿಲ್ಲ ಅಂದರು. "ಹೊಟ್ಟೆ ಚೆನ್ನಾಗಿದೆ ಅಮ್ಮ. ಇನ್ನು ಮಾತಾಡಬೇಕಾದ್ದು ಮನಸ್ಸಿನ ಹತ್ತಿರ" ಅಂತ, ನಮಗೆ ಹತ್ತಿರ ಆಗಲಿ ಎಂದು ದಾವಣಗೆರೆಯಲ್ಲಿದ್ದ ಒಬ್ಬ ಆಪ್ತಸಲಹೆಗಾರ್ತಿಯ ವಿಳಾಸ ಕೊಟ್ಟರು.

"ನನಗೇನು ಹುಚ್ಚು ಹಿಡದೈತೇನು?" ದಾವಣಗೆರೆಗೆ ಹೊರಟ ದಿನ ಅತ್ತಿ ದಾರಿಯುದ್ದಕ್ಕೂ ಕೇಳಿದರು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಬದಲಿಸುವಾಗಲೂ ಕೇಳಿದರು. ನಾನು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆ, ಬಾಯಿ ಖಾಲಿ ಇರಲಿಲ್ಲ.

"ಅದರಾಗ ಒಂದು ಬಿಡ್ತೀಯೇನು?" ಅಂದರು.

"ಏನ್ರಿ ಅತ್ತಿ?"

"ಮಿರ್ಚಿ. ಬಿಡೋದಿದ್ರ ಹೇಳು. ಬಿಸಾಕಬ್ಯಾಡ."

ನಾನು ಹಟಕ್ಕೆ ಬಿದ್ದು ಪೂರ್ತಿ ತಿಂದೆ.

ಆ ಮೇಡಂ ನನಗಿಂತ ಚಿಕ್ಕವಳು. ಗಾಜಿನ ಬಳೆ, ಹತ್ತಿ ಸೀರೆ, ಮೇಜಿನ ಮೇಲೆ ಒಂದು ಗ್ಲಾಸು ನೀರು. ಔಷಧಿಯಿಲ್ಲ, ಸೂಜಿಯಿಲ್ಲ. ಅತ್ತಿಗೆ ಅರ್ಧ ಧೈರ್ಯ ಬಂತು, ಅರ್ಧ ನಿರಾಶೆ ಆಯಿತು.

"ನಿನ್ನೆ ಕೊನೇದಾಗಿ ಏನು ತಿಂದ್ರಿ ಅಮ್ಮಾ?"

"ಬಟ್ಟಲದಾಗಿನ ಮಾದಲಿ."

"ಹಸಿವಾಗಿತ್ತಾ?"

"ಇಲ್ಲ."

"ತಿನ್ನಬೇಕು ಅಂತ ಆಸೆ ಆಗಿತ್ತಾ?"

"ಇಲ್ಲಬೇ."

"ಮತ್ತೆ ಯಾಕೆ ತಿಂದ್ರಿ?"

ಅತ್ತಿಗೆ ಈ ಹುಡುಗಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಅನ್ನಿಸಿತು. "ಉಳದಿತ್ತು. ಅದಕ್ಕ."

ಮೇಡಂ ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟಳು. ಊಟದಲ್ಲಿ ಒಂದು ತುತ್ತನ್ನಾದರೂ ಬಿಟ್ಟು ಎದ್ದದ್ದು ಯಾವಾಗ ಅಂತ ಕೇಳಿದಳು. ಅತ್ತಿ ನೆನಪು ಮಾಡಿಕೊಂಡರು. ಮದುವೆ, ಬಾಣಂತನ, ಸೂತಕ, ಜ್ವರ ಎಲ್ಲ ಹುಡುಕಿ ಬಂದು, "ಹಂಗ ಬಿಟ್ಟಿಲ್ಲವ್ವಾ ನಾನು" ಅಂದರು, ಸ್ವಲ್ಪ ಹೆಮ್ಮೆಯಿಂದಲೇ. ಹಾಗಾದರೆ ನಿಮಗೆ ಇದೇ ಪಾಠ, ಮುಂದಿನ ಸಲ ಬರುವವರೆಗೆ ಪ್ರತಿ ಊಟಕ್ಕೆ ಒಂದು ತುತ್ತು ಗಂಗಾಳದಲ್ಲಿ ಬಿಟ್ಟು ಏಳಿ, ಆಗ ಮನಸ್ಸಿಗೆ ಏನೇನು ಆಗುತ್ತದೆ ನನಗೆ ಬಂದು ಹೇಳಿ ಅಂದಳು ಮೇಡಂ. ಅತ್ತಿಗೆ ಲಿಂಗ ಕಳಚಿಡು ಅಂದ ಹಾಗಾಗಿತ್ತು.

ಆದರೆ ಮಣೆಯ ಆಸೆ ದೊಡ್ಡದು. ಅಂದಿನಿಂದ ಅತ್ತಿ ತುತ್ತು ಬಿಡತೊಡಗಿದರು. ಬಿಟ್ಟು, ಗಂಗಾಳವನ್ನು ನನ್ನ ಮುಂದೆ ಸರಿಸಿ, "ತಿನ್ನು" ಅನ್ನುತ್ತಿದ್ದರು.

"ನಂದು ಊಟ ಆಗೇತ್ರಿ ಅತ್ತಿ."

"ಒಂದ ತುತ್ತು. ಮೇಡಂ ನನಗ ಬ್ಯಾಡ ಅಂದಾಳ, ನಿನಗ ಬ್ಯಾಡ ಅಂದಿಲ್ಲ."

ಓಣಿಯಿಂದ ಬಂದ ಬಟ್ಟಲುಗಳಲ್ಲೂ ಅರ್ಧ ಪಾಲು ನನಗೇ ಬರತೊಡಗಿತು. ಮುಂದಿನ ಸಲ ದಾವಣಗೆರೆಗೆ ಹೋದಾಗ ಅತ್ತಿಯ ತೂಕ ಇಳಿದಿರಲಿಲ್ಲ, ಏರಿರಲೂ ಇಲ್ಲ. ಮೇಡಂ ಅತ್ತಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ನನ್ನ ಕುಪ್ಪಸದ ತೋಳಿನ ಹತ್ತಿರ ಅವಳ ಕಣ್ಣು ಒಂದು ಗಳಿಗೆ ನಿಂತಿತು.

"ಆ ಒಂದು ತುತ್ತು ಎಲ್ಲಿ ಹೋಗ್ತಿದೆ ಅಂತ ಈಗ ಗೊತ್ತಾಯ್ತು" ಅಂದಳು.

ನಾನು ನಾಚಿದೆ. ಅತ್ತಿ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಆ ನಗುವೇ ಬಾಗಿಲು ತೆಗೆದಂತಾಯಿತು ಅಂತ ಕಾಣುತ್ತದೆ. ನಗು ಮುಗಿದ ಮೇಲೆ ಅವಳು ಮೆಲ್ಲಗೆ, "ಉಳಿದದ್ದನ್ನ ತಿನ್ನೋದು ಯಾವಾಗಿಂದ ಅಮ್ಮಾ?" ಅಂತ ಕೇಳಿದಳು. ಅತ್ತಿ ಹೇಳಿದ್ದು ನಾನೂ ಅಲ್ಲಿಯವರೆಗೆ ಕೇಳಿರದ ಮಾತು.

ಹದಿನಾರಕ್ಕೆ ಈ ಮನೆಗೆ ಬಂದವರು. ಆಗ ಮನೆ ತುಂಬ ಮಂದಿ. ಗಂಡಸರು ಉಣ್ಣಬೇಕು, ಆಮೇಲೆ ಮಕ್ಕಳು, ಆಮೇಲೆ ಹಿರಿಯ ಹೆಂಗಸರು. ಕಡೆಗೆ ಸಣ್ಣ ಸೊಸೆ. ಸಣ್ಣ ಸೊಸೆಗೆ ಅಂತ ಬೇರೆ ಎತ್ತಿಡುವ ಪದ್ಧತಿ ಇರಲಿಲ್ಲ, ಉಳಿದದ್ದೇ ಊಟ. ಒಂದೊಂದು ದಿನ ಏನೂ ಉಳಿಯುತ್ತಿರಲಿಲ್ಲ. "ಅದಕ್ಕ ನಾ ಬಡಸ್ಕೋತ ಎಲ್ಲಾರ ಗಂಗಾಳ ನೋಡ್ತಿದ್ದೆ. ಯಾರು ಏನು ಬಿಡ್ತಾರ, ಯಾರು ಬಿಡಂಗಿಲ್ಲ ಅಂತ" ಅಂದರು ಅತ್ತಿ. ಅಂದು, ಯಾಕೋ ತಾವೇ ತಮಾಷೆ ಮಾಡಿದವರ ಹಾಗೆ ನನ್ನ ಕಡೆ ತಿರುಗಿ, "ನಿಮ್ಮ ಮಾವ ಮಾತ್ರ ಆಗಿಂದಲೂ ಪಲ್ಯ ಬಿಡ್ತಾರ ನೋಡು. ಒಳ್ಳೆ ಮನುಷ್ಯ" ಅಂದರು.

ಮೇಡಂ ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ಅತ್ತಿಯ ಮುಂದೆ ಸರಿಸಿದಳು. ಆಮೇಲೆ ಕೇಳಿದಳು: "ಈಗ ಮನೇಲಿ ಕೊನೆಗೆ ಯಾರು ಉಣ್ತಾರೆ?"

"ನಾನಽ."

"ಯಾಕೆ? ಈಗ ನಿಮ್ಮ ಹಿರಿಯರು ಯಾರೂ ಇಲ್ಲವಲ್ಲ."

ಅತ್ತಿ ನನ್ನ ಮುಖ ನೋಡಿದರು. ಯಾಕೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಅವರೇ ಯಜಮಾನಿ ಆಗಿ ಎಷ್ಟೋ ವರ್ಷ ಆಗಿದ್ದವು. ಆದರೂ ಊಟದ ಹೊತ್ತಿಗೆ ಮಾತ್ರ ಇನ್ನೂ ಸಣ್ಣ ಸೊಸೆಯಾಗಿಯೇ ಉಳಿದಿದ್ದರು.

"ನಾಳೆಯಿಂದ ನೀವು ಮೊದಲು ಉಣ್ಣಿ. ಎಲ್ಲರಿಗಿಂತ ಮೊದಲು, ಬಿಸಿಬಿಸಿ. ಉಂಡು ಅಡುಗೆಮನೆ ಬಿಟ್ಟು ಹೊರಗೆ ಹೋಗಿ. ಯಾರು ಏನು ಬಿಟ್ಟರು ಅಂತ ನೋಡಲಿಕ್ಕೆ ಅಲ್ಲಿರಬೇಡಿ" ಅಂದಳು ಮೇಡಂ. "ಇನ್ನೊಂದು ಮಾತು. ನೀವು ನನಗೆ ಹೇಳಿದಿರಲ್ಲ, ಆ ಹರಕೆ ಸುಳ್ಳು ಅಂತ ಓಣಿಯವರಿಗೂ ಹೇಳಿಬಿಡಿ. ಅವರಿಗೇ ಗೊತ್ತಿಲ್ಲದಿದ್ದರೆ, ಬಟ್ಟಲು ಬಂದಾಗ ನಿಮ್ಮ ಪರವಾಗಿ ಬೇಡ ಅನ್ನೋರು ಯಾರು?"

ಮೊದಲು ಉಣ್ಣುವುದಕ್ಕೆ ಅತ್ತಿ ಒಪ್ಪಿದರು. ಆ ಮೊದಲ ದಿನ ನಮ್ಮ ಮನೆಯಲ್ಲಿ ನಾಟಕ ನೋಡಿದಂತಿತ್ತು. ಅತ್ತಿ ಮಣೆಯ ಮೇಲೆ ಒಬ್ಬರೇ, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಆಚೆ ಈಚೆ ನೋಡುತ್ತ ಉಣ್ಣುತ್ತಿದ್ದಾರೆ. ಮಾವ ಪಡಸಾಲೆಯಲ್ಲಿ ಪೇಪರು ಹಿಡಿದುಕೊಂಡು ಹಸಿದು ಕೂತಿದ್ದಾರೆ.

"ದೊಡ್ಡ ಸಾಹೇಬ್ರ ಊಟ ಆತೇನ್ರಿ?" ಅಂತ ಅಲ್ಲಿಂದಲೇ ಕೂಗಿದರು.

"ಮೂವತ್ತೈದು ವರ್ಷ ನಾ ಕಾದೀನಿ. ಒಂದ ತಾಸು ಕಾಯ್ರಿ" ಅಂದರು ಅತ್ತಿ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೇ ಆಶ್ಚರ್ಯ ಆಯಿತು. ಅಂದು ಅವರು ಉಂಡದ್ದು ಎಷ್ಟು ರುಚಿ ನೋಡಿಕೊಂಡು ಅಂದರೆ, "ಲೇ, ನಿನ್ನ ಕೈಯ ಸಾರು ಇಷ್ಟು ಉಪ್ಪು ಇರ್ತೈತೇನು? ಇಷ್ಟು ದಿನ ಗೊತ್ತಽ ಆಗಿರಲಿಲ್ಲ" ಅಂದರು.

ಓಣಿಗೆ ಹೇಳುವುದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬಟ್ಟಲುಗಳು ಬರುತ್ತಲೇ ಇದ್ದವು. ಗೋಡೆಯ ಮೇಲಿನ ಕೈಗುರುತು ಮಾಸಲಿಲ್ಲ. "ಹೇಳಿದ್ರ ಮರ್ಯಾದಿ ಹೋಗ್ತೈತಿ, ಹೇಳದಿದ್ರ ಮಣಿ ಹೋಗ್ತೈತಿ. ನೀನಽ ಹೇಳು ಹುಡುಗಿ, ಯಾವುದು ಬಿಡ್ಲಿ?" ಅನ್ನುತ್ತಿದ್ದರು. ಬಿಡುವುದು ಅನ್ನುವ ವಿದ್ಯೆಯೇ ಗೊತ್ತಿಲ್ಲದವರಿಗೆ ನಾನೇನು ಹೇಳಲಿ?

ಶ್ರಾವಣದ ಒಂದು ಸೋಮವಾರ ಓಣಿಯ ಹೆಂಗಸರೆಲ್ಲ ಕೂಡಿ ಬಂದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಟ್ಟಲು. ಕಡಲೆಬೇಳೆ ಹೂರಣ, ಶಾವಿಗೆ ಪಾಯಸ, ಸಜ್ಜಕ, ಗೋಧಿ ಹುಗ್ಗಿ. ಪಡಸಾಲೆಯಲ್ಲಿ ಮಣೆ ಹಾಕಿ, ಗೋಡೆ ಹಿಡಿದು ಅತ್ತಿ ಕೂತರು. ಬಟ್ಟಲುಗಳನ್ನು ಅವರ ಮುಂದೆ ಸಾಲಾಗಿ ಇಟ್ಟರು.

"ಹೂಂ, ಮುಟ್ಟಿ ಕೊಡು ತಂಗಿ" ಅಂದಳು ಎದುರುಮನೆ ದೊಡ್ಡವ್ವ.

ಅತ್ತಿ ಮೊದಲನೇ ಬಟ್ಟಲಿಗೆ ಕೈ ಹಾಕಿದರು. ಹೂರಣದ ಚಿಟಿಕೆ ಬೆರಳಿಗೆ ಬಂತು. ಬಾಯಿಯವರೆಗೂ ಬಂತು. ಅವರ ಕಣ್ಣು ಬಟ್ಟಲುಗಳ ಸಾಲಿನ ಆ ತುದಿಯವರೆಗೆ ಹೋಗಿ, ಅಲ್ಲಿಂದ ತಾವು ಕೂತ ಮಣೆಗೆ ಇಳಿದು, ಅಲ್ಲೇ ನಿಂತವು. ಕೈ ಕೆಳಗಿಳಿಯಿತು.

"ನಾ ಹರಕಿ ಹೊತ್ತಿಲ್ಲ," ಅಂದರು. "ಹೊಟ್ಟಿ ಕೊಯ್ಸಿಕೊಂಡೀನಿ. ಬೆಂಗಳೂರಾಗ."

ಮಾವನ ಕೈಯಿಂದ ಪೇಪರು ಜಾರಿತು. ನಾನು ಕದದ ಹಿಂದಿನಿಂದ ಇಣುಕಿದೆ. ದೊಡ್ಡವ್ವ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಗೊತ್ತೈತಿ ಬಿಡು ತಂಗಿ."

"ಏನು ಗೊತ್ತೈತಿ?"

"ಹೊಟ್ಟಿ ಕೊಯ್ಸಿದ್ದು. ಬಾಳಿಕಾಯಿಯಷ್ಟು ಮಾಡ್ಯಾರಂತಲ್ಲ."

"ಯಾರು ಹೇಳಿದ್ರು?"

"ನಿಮ್ಮ ಕಾರು ಹೊಡದಾಂವ ಯಾರು ಅಂದುಕೊಂಡಿ? ನನ್ನ ತಂಗಿ ಮಗ. ಕೂಡ್ಲಿಗ್ಯಾಗ ಚಾ ಕುಡಕೋತ ನೀವು ಮೂರೂ ಮಂದಿ ಉಚ್ಚಂಗೆಮ್ಮನ ಹೆಸರು ಇಟ್ಟಿದ್ದು ನನಗ ಅವತ್ತಽ ಬಂದು ಹೇಳ್ಯಾನ."

ಅತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಬ್ಬಳು ಮೂಗುತಿ ತಿರುವಿಕೊಂಡಳು. ಒಬ್ಬಳು ಸೀರೆಯ ನಿರಿಗೆ ಸರಿಮಾಡಿಕೊಂಡಳು. ಎಲ್ಲರಿಗೂ ಗೊತ್ತಿತ್ತು!

"ಮತ್ತ ನನ್ನ ಕಾಲಿಗೆ ಯಾಕ ಬಿದ್ರಿ?"

"ನೀ ಬೀಳಿಸಿಕೊಂತಿದ್ದಿ. ನಾವು ಬಿದ್ವಿ. ನಮ್ಮ ಗಂಟೇನು ಹೋತು?"

"ಈ ಬಟ್ಟಲ ಯಾಕ ತಂದ್ರಿ ಮತ್ತ, ಕೊಯ್ಸಿದ್ದು ಗೊತ್ತಿದ್ದೂ?"

ದೊಡ್ಡವ್ವ ಈಗ ನಗಲಿಲ್ಲ. "ಕರಳು ಕೇಳಬೇಕಲ್ಲ ತಂಗಿ," ಅಂದಳು. "ಓಣಿ ಮಂದಿಗೆಲ್ಲ ಕರದು ಕರದು ನೀಡಿದಾಕಿ ನೀನು. ನನ್ನ ಮಗಳ ಬಾಣಂತನದಾಗ ಅಡಿಗಿ ಮಾಡಿ ಕಳಿಸಿದಾಕಿ. ಈಗ ಒಂದ ಹಿಡಿ ತಿಂದು ಏಳ್ತಾಳ ಅಂದ್ರ ನಾವು ಹೆಂಗ ಉಣ್ಣೋದು? ಉಣ್ಣು ಅಂದ್ರ ನೀ ಉಣ್ಣಂಗಿಲ್ಲ. ಪ್ರಸಾದ ಅಂದ್ರ ಬಿಡಂಗಿಲ್ಲ. ಅದು ನಮಗ ಗೊತ್ತು."

ಅತ್ತಿ ಕಣ್ಣಿಗೆ ಸೆರಗು ಹಚ್ಚಿದರು. ಅಳುತ್ತಿದ್ದಾರೆ ಅಂದುಕೊಂಡೆ. ಭುಜ ಕುಲುಕುವುದು ನೋಡಿದರೆ ನಗುತ್ತಿದ್ದರು. ಎರಡೂ ಇದ್ದೀತು. "ನಿಮ್ಮ ಬಾಯಿಗೆ ಮಣ್ಣು ಹಾಕ, ನೀವು ನೀಡಿದ ಪ್ರಸಾದ ನನ್ನ ಮತ್ತ ಕುರ್ಚಿ ಮ್ಯಾಲೆ ಕುಂದ್ರಸ್ತೈತಿ!" ಅಂದು, ಮಣೆಯ ಕತೆ, ಕುರ್ಚಿಯ ಕತೆ, ಡಾಕ್ಟರು ಅಂದದ್ದು, ಮೇಡಂ ಅಂದದ್ದು ಎಲ್ಲ ಹೇಳಿದರು. ಮೂಲೆಮನೆಯಾಕೆ ತನಗೂ ಸಕ್ಕರೆ ಇದೆ ಅಂದಳು, ಗಂಡನಿಗೆ ಇನ್ನೂ ಹೇಳಿಲ್ಲವಂತೆ. ಮತ್ತೊಬ್ಬಳು ತಾನೂ ಕಡೆಗೇ ಉಣ್ಣುವುದು, ಮಕ್ಕಳು ಬಿಟ್ಟದ್ದೆಲ್ಲ ತನ್ನ ಹೊಟ್ಟೆಗೇ ಅಂದಳು. ಆ ಸೋಮವಾರದ ಮಾತು ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಬಟ್ಟಲುಗಳಲ್ಲಿ ಕೆನೆಗಟ್ಟಿತು. ಯಾರೂ ಮುಟ್ಟಲಿಲ್ಲ.

ಏಳುವಾಗ ದೊಡ್ಡವ್ವನಿಗೆ ಒಂದೇ ಸಂಕಟ. "ತಿನ್ನೋದು ತರಬ್ಯಾಡ ಅಂದ್ರ ಏನು ತರಬೇಕು? ಬರಿಗೈಲೆ ಹೆಂಗ ಬರೋದು ಒಬ್ಬರ ಮನಿಗೆ?"

ಇಲ್ಲಿ ನಾನು ಬಾಯಿ ಹಾಕಿದೆ. ನಾನು ಹಡಗಲಿಯವಳು, ನನ್ನ ಅಜ್ಜಿ ತೋಟದಲ್ಲಿ ಮೊಗ್ಗು ಬಿಡಿಸುತ್ತಲೇ ನನಗೆ ಮಾತು ಕಲಿಸಿದವಳು. "ಹೂವು ತರ್ರಿ ದೊಡ್ಡವ್ವ," ಅಂದೆ.

ಹೂವು ತಂದರು ನೋಡಿ! ನಮ್ಮೂರ ಮಲ್ಲಿಗೆ, ಅದು ಸಿಗದಾಗ ಕನಕಾಂಬರ, ಸೇವಂತಿಗೆ. ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು, ಯಾರು ಇವತ್ತು ಯಾವಾಗ ಉಂಡರು, ಹಸಿದು ಉಂಡರೋ ಉಳಿದಿತ್ತು ಅಂತ ಉಂಡರೋ, ಇದೇ ಪಂಚಾಯಿತಿ. ಸುಳ್ಳು ಹೇಳಿದವರನ್ನು ಹಿಡಿಯುವುದರಲ್ಲಿ ದೊಡ್ಡವ್ವನನ್ನು ಮೀರಿಸಿದವರಿಲ್ಲ, ತುಟಿಯ ತುಪ್ಪ ನೋಡಿಯೇ ಹೇಳುತ್ತಿದ್ದಳು. ಅತ್ತಿಯ ತುರುಬಿನಲ್ಲಿ ಹೂವಿಗೆ ಜಾಗ ಸಾಲದೆ ಎಮ್ಮೆಯ ಕೊಂಬಿಗೂ ಒಂದು ಮಾಲೆ ಸಿಗುತ್ತಿತ್ತು. ದಾವಣಗೆರೆಯಲ್ಲಿ ಇದನ್ನೆಲ್ಲ ಹೇಳಿದಾಗ ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡಳು. ಇಷ್ಟು ಪ್ರೀತಿಯಿಂದ ಒಬ್ಬರ ತೂಕ ಏರಿಸಿದವರನ್ನು ನಾನು ನೋಡಿಲ್ಲ, ನಾನೇ ಬಂದು ಅವರನ್ನೆಲ್ಲ ನೋಡಬೇಕು ಅಂದಳು.

ಬಂದೇ ಬಂದಳು, ಮುಂದಿನ ಬೇಸಿಗೆಗೆ, ಕೊಟ್ಟೂರಿಗೆ ದೇವರಿಗೆ ಅಂತ ಬಂದವಳು. ಅತ್ತಿ ತಮ್ಮ ಪಕ್ಕದಲ್ಲೇ ಮಣೆ ಹಾಕಿ ಕೂಡಿಸಿದರು. ತಮಗೆ ಒಂದು ಹಿಡಿ. ಅವಳಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಅನ್ನ, ಕಟ್ಟಿನ ಸಾರು. ಬೇಡ ಬೇಡ ಅಂತ ಅವಳು ಗಂಗಾಳದ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಬೆರಳ ಸಂದಿಯಿಂದಲೇ ಅತ್ತಿ ತುಪ್ಪ ಹಾಕಿಸಿದರು. ಊರಿಗೆಲ್ಲ ಬೇಡ ಅನ್ನುವುದನ್ನು ಕಲಿಸುವವಳಿಗೆ ನಮ್ಮ ಮನೆಯಲ್ಲಿ ಬೇಡ ಅನ್ನಲಿಕ್ಕೆ ಬರಲಿಲ್ಲ. ಕಡೆಗೆ, ಬೆವರು ಒರೆಸಿಕೊಂಡು, ಗಂಗಾಳದಲ್ಲಿ ಒಂದು ತುತ್ತು ಅನ್ನ ಹಾಗೇ ಬಿಟ್ಟು ಎದ್ದುಬಿಟ್ಟಳು.

ಅತ್ತಿ ಆ ತುತ್ತನ್ನು ನೋಡಿದರು. ನಾನು ಅತ್ತಿಯನ್ನು ನೋಡಿದೆ. ಕೈ ತೊಳೆಯಲು ಹೋಗುತ್ತಿದ್ದ ಮೇಡಂ ಬಾಗಿಲಲ್ಲಿ ತಿರುಗಿ ನಿಂತಳು, ಅವಳಿಗೂ ಆಗ ಹೊಳೆದಿರಬೇಕು. ಸಾರು ಹಚ್ಚಿದ ಅನ್ನ, ಮೇಲೆ ತುಪ್ಪದ ಹೊಳಪು. ನಾನು ಎಲ್ಲಿ ನನ್ನ ಕಡೆ ಸರಿಸುತ್ತಾರೋ ಅಂತ ಹಿಂದಕ್ಕೆ ಸರಿದೆ.

ಅತ್ತಿ ಒಂದು ಕೈಯಲ್ಲಿ ತಮ್ಮ ಗಂಗಾಳ ತಗೊಂಡರು, ಇನ್ನೊಂದು ಕೈಯಲ್ಲಿ ಅವಳದು. ಎರಡೂ ಕೈ ತುಂಬಿದ್ದವು, ಗೋಡೆ ಹಿಡಿಯಲು ಕೈಯೇ ಇರಲಿಲ್ಲ. ಹಾಗೇ ಎದ್ದು ನಿಂತರು. ಎದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ ಅಂತ ನನ್ನ ಅನುಮಾನ. ನಾನು ಮತ್ತು ಮೇಡಂ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತಿ ನೆಟ್ಟಗೆ ಹಿತ್ತಲಿಗೆ ನಡೆದು ಆ ತುತ್ತನ್ನು ಎಮ್ಮೆಯ ಬಾನಿಗೆ ಹಾಕಿದ ಸದ್ದು ಕೇಳಿಸಿತು.

ಎಲ್ಲ ಸುಸೂತ್ರ ಆಯಿತಲ್ಲ ಅಂದುಕೊಂಡರೆ ಅತ್ತಿ ಒಳಗೆ ಬರಲೇ ಇಲ್ಲ. ಹೋಗಿ ಇಣುಕಿ ನೋಡಿದೆ. ಕೊಂಬಿನಲ್ಲಿ ಮಲ್ಲಿಗೆ ಮಾಲೆ ಹಾಕಿಕೊಂಡು ನಿಂತ ಎಮ್ಮೆಯ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾವಲು ನಿಂತಿದ್ದರು.

"ಏನು ನೋಡ್ತೀ? ಆ ಮೂಲ್ಯಾಗ ಒಂದು ಅಗಳು ಐತಿ, ಅದನ್ನೂ ತಿನ್ನು. ಚೆಲ್ಲಬ್ಯಾಡ."